ಸ್ಟಾರ್ಟರ್ ಬಾಕ್ಸಿನ ಬಿಸಿ ಹಿಡಿಯೋ ಪುಟ್ಟ ಥರ್ಮಲ್ ಕ್ಯಾಮೆರಾ: ಕೊಳ್ಳುವ ಮುಂಚೆ ಇಷ್ಟು ತಿಳ್ಕೊಳ್ಳಿ

ಕಳೆದ ಬೇಸಿಗೆಯಲ್ಲಿ ನಮ್ಮ ಬೋರ್‌ವೆಲ್ ಸ್ಟಾರ್ಟರ್ ಒಳಗೆ ಒಂದು ಫೇಸ್ ವೈರು ಸುಟ್ಟು ಕರಕಲಾಯ್ತು. ಮೋಟಾರು ಎರಡೇ ಫೇಸಿನಲ್ಲಿ ಗುಂಯ್ ಅಂತ ಒದ್ದಾಡಿ ವೈಂಡಿಂಗ್ ಕಳ್ಕೊಂಡಿತು. ಓವರ್‌ಲೋಡ್ ರಿಲೇ ಟ್ರಿಪ್ ಆಗಬೇಕಿತ್ತು, ಆದರೆ ಪದೇಪದೇ ಟ್ರಿಪ್ ಆಗುತ್ತೆ ಅಂತ ಅದನ್ನು ಹೆಚ್ಚಿಗೆ ತಿರುಗಿಸಿಟ್ಟವನು ನಾನೇ. ಮೋಟಾರು ಮೇಲೆತ್ತಿ, ರಿವೈಂಡ್ ಮಾಡಿಸಿ ಇಳಿಸೋ ಹೊತ್ತಿಗೆ ಟೊಮೆಟೊ ಗಿಡ ಒಂಬತ್ತು ದಿನ ನೀರು ಕಂಡಿರಲಿಲ್ಲ. ಇಷ್ಟಕ್ಕೂ ಕಾರಣ ಸಡಿಲಾಗಿದ್ದ ಒಂದು ಸ್ಕ್ರೂ.

5 ಎಚ್‌ಪಿ ಮೋಟಾರು ಒಂದು ಫೇಸಿಗೆ ಸುಮಾರು 7–8 ಆಂಪಿಯರ್ ಎಳೆಯುತ್ತೆ. ಸಡಿಲ ಜಾಯಿಂಟಿನಲ್ಲಿ 0.1 ಓಮ್ ರೆಸಿಸ್ಟೆನ್ಸ್ ಇದ್ದರೂ ಅಲ್ಲಿ 5 ವ್ಯಾಟ್‌ಗಿಂತ ಹೆಚ್ಚು ಬಿಸಿ ಹುಟ್ಟುತ್ತೆ. ಉಗುರಿನಷ್ಟು ಜಾಗಕ್ಕೆ ಅದು ಬಹಳ ಆಯ್ತು. ಬಿಸಿಯಾದಷ್ಟೂ ಜಾಯಿಂಟು ಇನ್ನೂ ಕೆಡುತ್ತೆ. ಸುಡುವ ಮುಂಚೆ ವಾರಗಟ್ಟಲೆ ಹೀಗೆ ನಡೀತಿರುತ್ತೆ, ನಮ್ಮ ಕಣ್ಣಿಗೆ ಕಾಣೋದಿಲ್ಲ ಅಷ್ಟೆ.

ಇದನ್ನು ಕಾಣಿಸೋ ಸೆನ್ಸರುಗಳು ಈಗ ಹವ್ಯಾಸಕ್ಕೆ ಸರ್ಕ್ಯೂಟ್ ಜೋಡಿಸೋರಿಗೂ ಸಿಗ್ತವೆ. ಹೆಚ್ಚಾಗಿ ಕಾಣೋದು ಎರಡು: ಎಎಂಜಿ 8833 ಮತ್ತು ಎಂಎಲ್‌ಎಕ್ಸ್ 90640. ಮೊದಲನೆಯದರಲ್ಲಿ 8×8, ಅಂದರೆ 64 ಚುಕ್ಕಿ. ಎರಡನೆಯದರಲ್ಲಿ 32×24, ಅಂದರೆ 768. ಅಗ್ಗ ಅಂತ ಮೊದಲನೆಯದನ್ನು ತಗೊಂಡು ನಾನು ಮೋಸ ಹೋದೆ. ಒಂದು ಅಡಿ ದೂರದಿಂದ ಅದರ ಒಂದೊಂದು ಚುಕ್ಕಿ 4 ಸೆಂ.ಮೀ. ಅಗಲದ ಜಾಗವನ್ನು ನೋಡುತ್ತೆ. 1 ಸೆಂ.ಮೀ. ಲಗ್ 90 ಡಿಗ್ರಿ ಕಾದಿದ್ದರೂ ಸುತ್ತಲಿನ ತಣ್ಣನೆ ಜಾಗದ ಜೊತೆ ಸರಾಸರಿಯಾಗಿ ‘ಸ್ವಲ್ಪ ಬೆಚ್ಚಗಿದೆ’ ಅಂತಷ್ಟೇ ತೋರಿಸುತ್ತೆ. ಕೊಟ್ಟಿಗೆಗೆ ಯಾರಾದ್ರೂ ಬಂದರಾ ಅಂತ ನೋಡೋಕೆ ಅದು ಸಾಕು, ಲಗ್ ನೋಡೋಕೆ ಸಾಲದು. 90640ರಲ್ಲಿ 55 ಡಿಗ್ರಿ ನೋಟದ್ದು, 110 ಡಿಗ್ರಿ ನೋಟದ್ದು ಅಂತ ಎರಡು ಬಗೆ. 55ರದ್ದನ್ನೇ ಕೇಳಿ ತಗೊಳ್ಳಿ. ಒಂದು ಅಡಿ ದೂರದಲ್ಲಿ ಅದರ ಚುಕ್ಕಿ ಸುಮಾರು 1 ಸೆಂ.ಮೀ. ಇರುತ್ತೆ.

ಜೋಡಣೆ ಕಷ್ಟವಿಲ್ಲ. 3.3 ವೋಲ್ಟ್, ಗ್ರೌಂಡ್, ಎಸ್‌ಡಿಎ, ಎಸ್‌ಸಿಎಲ್, ನಾಲ್ಕೇ ವೈರು. ಇಎಸ್‌ಪಿ 32 ಬೋರ್ಡ್ ಹಾಕಿದರೆ ಚಿತ್ರವನ್ನು ವೈಫೈ ಮೂಲಕ ಮೊಬೈಲಿನಲ್ಲೇ ನೋಡಬಹುದು. ಆರ್ಡುಯಿನೊ ಉನೊದಲ್ಲಿ ಪ್ರಯತ್ನಿಸಬೇಡಿ, ಅದರ 2 ಕೆಬಿ ಮೆಮೊರಿ ಸಾಲೋದಿಲ್ಲ. ಆನ್ ಮಾಡಿ ನಾಲ್ಕೈದು ನಿಮಿಷ ಬಿಟ್ಟ ಮೇಲೇ ಅಂಕಿಗಳನ್ನು ನಂಬಿ.

ಈಗ ಒಂದು ಪರೀಕ್ಷೆ, ಇದನ್ನು ಮಾಡದೆ ಮುಂದೆ ಹೋಗಬೇಡಿ. ಸ್ಟೀಲ್ ಲೋಟಕ್ಕೆ ಬಿಸಿನೀರು ಹಾಕಿ, ಹೊರಗಡೆ ಅಂಗೈಯಗಲ ಕಪ್ಪು ಇನ್ಸುಲೇಶನ್ ಟೇಪ್ ಅಂಟಿಸಿ. ಟೇಪ್ ಮೇಲೆ ಬಿಸಿ ಸರಿಯಾಗಿ ಕಾಣುತ್ತೆ. ಪಕ್ಕದ ಹೊಳೆಯೋ ಸ್ಟೀಲು ಅದಕ್ಕಿಂತ ತುಂಬಾ ತಣ್ಣಗಿದೆ ಅಂತ ತೋರಿಸುತ್ತೆ, ನಿಮ್ಮ ಕೈಯ ಬಿಸಿಯೂ ಅದರಲ್ಲಿ ಕನ್ನಡಿಯಂತೆ ಕಾಣಬಹುದು. ಹೊಳೆಯೋ ಲೋಹ ತನ್ನ ಬಿಸಿಯನ್ನು ಇನ್‌ಫ್ರಾರೆಡ್ ಆಗಿ ಹೊರಬಿಡೋದು ಬಹಳ ಕಡಿಮೆ. ಹಾಗಾಗಿ ಸ್ಟಾರ್ಟರಿನಲ್ಲೂ ತಾಮ್ರದ ಲಗ್ ನೋಡಬೇಡಿ, ಅದಕ್ಕೆ ತಾಗಿರೋ ವೈರಿನ ಪ್ಲಾಸ್ಟಿಕ್ ಹೊದಿಕೆ ನೋಡಿ. ಗಾಜಿನ ಹಿಂದಿನಿಂದ ನೋಡಿದರೆ ಗಾಜಿನ ಬಿಸಿ ಮಾತ್ರ ಕಾಣುತ್ತೆ.

ಕರೆಂಟ್ ಇರುವಾಗ ಬಾಕ್ಸ್ ತೆರೆದು ಕೈ ಹಾಕೋದು ಬೇಡವೇ ಬೇಡ, 415 ವೋಲ್ಟ್ ಅದು. ಮೋಟಾರನ್ನು ಅರ್ಧ ಗಂಟೆ ಓಡಿಸಿ. ಆಟೋ ಸ್ಟಾರ್ಟರನ್ನು ಮ್ಯಾನ್ಯುಯಲ್‌ಗೆ ಹಾಕಿ, ಮೋಟಾರು ನಿಲ್ಲಿಸಿ, ಮೇನ್ ಸ್ವಿಚ್ ಆಫ್ ಮಾಡಿ, ಆಮೇಲೆ ಬಾಗಿಲು ತೆಗೆದು ಒಂದು ನಿಮಿಷದೊಳಗೆ ಚಿತ್ರ ತಗೊಳ್ಳಿ. ಬಿಸಿ ಅಷ್ಟು ಬೇಗ ಆರೋದಿಲ್ಲ. ಮೇನ್ ಸ್ವಿಚ್ಚಿಗೆ ಬರೋ ವೈರುಗಳಲ್ಲಿ ಆಗಲೂ ಕರೆಂಟ್ ಇರುತ್ತೆ, ಮರೀಬೇಡಿ. ಅಂಕಿ ಎಷ್ಟಿದೆ ಅನ್ನೋದಕ್ಕಿಂತ ಮೂರು ಫೇಸುಗಳನ್ನು ಹೋಲಿಸಿ ನೋಡೋದು ಮುಖ್ಯ. ಒಂದು ಮಾತ್ರ ಉಳಿದೆರಡಕ್ಕಿಂತ 10–15 ಡಿಗ್ರಿ ಹೆಚ್ಚಿದ್ದರೆ ವೈರ್‌ಮನ್ ಕರೆಸಿ.

ಹಸುವಿನ ಕೆಚ್ಚಲು ಬಾವು ಇದರಲ್ಲಿ ಗೊತ್ತಾಗುತ್ತಾ ಅಂತ ಕೆಲವರು ಕೇಳ್ತಾರೆ. ನೆರಳಿನಲ್ಲಿ, ಕೆಚ್ಚಲು ಒಣಗಿರುವಾಗ, ನಾಲ್ಕು ಭಾಗಗಳನ್ನು ಹೋಲಿಸಿದರೆ ಒಂದು ಸುಳಿವು ಸಿಗಬಹುದು. ಆದರೆ ಅಲ್ಲಿನ ವ್ಯತ್ಯಾಸ ಒಂದೆರಡು ಡಿಗ್ರಿ ಮಾತ್ರ, ಈ ಸೆನ್ಸರಿನ ತಪ್ಪೂ ಹೆಚ್ಚುಕಡಿಮೆ ಅಷ್ಟೇ. ಇದನ್ನು ನಂಬಿ ಹಾಲಿನ ಪರೀಕ್ಷೆ ಬಿಡಬೇಡಿ.

ನಾನೀಗ ತಿಂಗಳಿಗೊಮ್ಮೆ ಸ್ಟಾರ್ಟರ್ ನೋಡ್ತೀನಿ. ಹೋದ ತಿಂಗಳು ಹಳದಿ ಫೇಸಿನ ವೈರು 14 ಡಿಗ್ರಿ ಹೆಚ್ಚು ತೋರಿಸಿತು. ಬಿಚ್ಚಿದರೆ ಲಗ್ ಒಳಗಿನ ಎಳೆಗಳಲ್ಲಿ ಅರ್ಧ ಆಗಲೇ ಕಪ್ಪಾಗಿದ್ದವು. ಹೊಸ ಲಗ್ ಹಾಕಿಸಿದೆ, ರಿಲೇಯನ್ನೂ ಮೋಟಾರಿನ ಪ್ಲೇಟಿನಲ್ಲಿರೋ ಆಂಪಿಯರಿಗೆ ವಾಪಸ್ ತಿರುಗಿಸಿದೆ.