ಅಂಗಾಂಶಗಳಲ್ಲಿ ಆಮ್ಲಜನಕದ ಸಾಗಣೆ: ಗಣಿತೀಯ ಮಾದರಿ ಮತ್ತು ರಕ್ತಹೀನತೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಹಾಗೂ ಹರಪನಹಳ್ಳಿ ತಾಲ್ಲೂಕುಗಳು 2021ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಗೆ ಸೇರಿವೆ. ಈ ಪ್ರದೇಶದ ಬಹುಭಾಗದ ಬೇಸಾಯ ಮಳೆಯನ್ನು ಅವಲಂಬಿಸಿದ್ದು, ಹೊಲದ ದುಡಿಮೆಯಲ್ಲಿ ಮಹಿಳೆಯರ ಪಾಲು ದೊಡ್ಡದು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆಯಿದೆ. ಕೋವಿಡ್ ಕಾಲದಲ್ಲಿ ಪಲ್ಸ್ ಆಕ್ಸಿಮೀಟರ್ ಹಳ್ಳಿಗಳಿಗೂ ಪರಿಚಿತವಾಯಿತು. ಅದು ಶೇ. 98 ಎಂದು ತೋರಿಸಿದರೆ ದೇಹಕ್ಕೆ ಸಾಕಷ್ಟು ಆಮ್ಲಜನಕ ದೊರೆಯುತ್ತಿದೆ ಎನ್ನಬಹುದೆ? ಗಣಿತೀಯ ಮಾದರಿಯು ಈ ಪ್ರಶ್ನೆಗೆ ಸ್ಪಷ್ಟ ಉತ್ತರ ನೀಡುತ್ತದೆ.

ಡೆನ್ಮಾರ್ಕಿನ ಶರೀರಕ್ರಿಯಾ ವಿಜ್ಞಾನಿ ಆಗಸ್ಟ್ ಕ್ರೋಗ್ 1919ರಲ್ಲಿ ಈ ಸಮಸ್ಯೆಗೆ ಒಂದು ಸರಳ ರೂಪ ಕೊಟ್ಟರು. ಪ್ರತಿಯೊಂದು ಲೋಮನಾಳವೂ ತನ್ನ ಸುತ್ತಲಿನ ಸಿಲಿಂಡರ್ ಆಕಾರದ ಅಂಗಾಂಶಕ್ಕೆ ಮಾತ್ರ ಆಮ್ಲಜನಕ ಒದಗಿಸುತ್ತದೆ ಎಂಬುದು ಅವರ ಕಲ್ಪನೆ. ಇದರ ಅವಕಲ ಸಮೀಕರಣವನ್ನು ಗಣಿತಜ್ಞ ಎರ್ಲಾಂಗ್ ಬಿಡಿಸಿದರು. ಆ ಪರಿಹಾರದಂತೆ, ಲೋಮನಾಳದಿಂದ ಸಿಲಿಂಡರಿನ ಅಂಚಿನವರೆಗೆ ಆಗುವ ಒತ್ತಡದ ಇಳಿಕೆಯು ಅಂಗಾಂಶದ ಬಳಕೆಯ ದರಕ್ಕೆ ಅನುಪಾತದಲ್ಲಿರುತ್ತದೆ. ಸಿಲಿಂಡರಿನ ತ್ರಿಜ್ಯ ಇಮ್ಮಡಿಯಾದರೆ ಇಳಿಕೆ ನಾಲ್ಮಡಿಗಿಂತಲೂ ಹೆಚ್ಚುತ್ತದೆ. ಆದುದರಿಂದ ರಕ್ತವು ಹೊರಹೋಗುವ ತುದಿಯಲ್ಲಿ, ಲೋಮನಾಳದಿಂದ ಅತಿ ದೂರದಲ್ಲಿರುವ ಜೀವಕೋಶಗಳಿಗೆ ಕೊರತೆ ಮೊದಲು ತಟ್ಟುತ್ತದೆ.

ಆ ತುದಿಯಲ್ಲಿ ಉಳಿಯುವ ಒತ್ತಡವನ್ನು ರಕ್ತದ ಧಾರಣಶಕ್ತಿ ನಿರ್ಧರಿಸುತ್ತದೆ. 1 ಗ್ರಾಂ ಹಿಮೋಗ್ಲೋಬಿನ್ ಸುಮಾರು 1.34 ಮಿ.ಲೀ. ಆಮ್ಲಜನಕವನ್ನು ಹಿಡಿದಿಡುತ್ತದೆ. ಶೇ. 98ರ ಸಂತೃಪ್ತತೆಯಲ್ಲಿ, 100 ಮಿ.ಲೀ. ರಕ್ತಕ್ಕೆ 12 ಗ್ರಾಂ ಹಿಮೋಗ್ಲೋಬಿನ್ ಇದ್ದಾಗ ಸುಮಾರು 15.8 ಮಿ.ಲೀ., 7 ಗ್ರಾಂ ಇದ್ದಾಗ 9.2 ಮಿ.ಲೀ. ಆಮ್ಲಜನಕ ಇರುತ್ತದೆ. ಆಕ್ಸಿಮೀಟರ್ ಎರಡೂ ಸಂದರ್ಭಗಳಲ್ಲಿ ಒಂದೇ ಅಂಕಿಯನ್ನು ತೋರಿಸುತ್ತದೆ. ಅಂಗಾಂಶವು ಇದರಲ್ಲಿ 5 ಮಿ.ಲೀ. ಬಳಸಿಕೊಂಡರೆ, ಹೊರಹೋಗುವ ರಕ್ತದ ಸಂತೃಪ್ತತೆ ಮೊದಲನೆಯದರಲ್ಲಿ ಸುಮಾರು ಶೇ. 67, ಎರಡನೆಯದರಲ್ಲಿ ಶೇ. 45 ಆಗುತ್ತದೆ. 1910ರ ಹಿಲ್ ಸಮೀಕರಣದ ಪ್ರಕಾರ ಇವುಗಳಿಗೆ ಸಮನಾದ ಒತ್ತಡಗಳು ಸುಮಾರು 35 ಮತ್ತು 25 ಮಿ.ಮೀ. ಪಾದರಸ. ದುಡಿಮೆಯಿಂದ ಬಳಕೆ ಏರಿದಾಗ ಎರಡನೆಯ ದೇಹದಲ್ಲಿ ಉಳಿದಿರುವ ಮೀಸಲು ಬೇಗ ಕರಗುತ್ತದೆ.

ಈ ಲೆಕ್ಕವು ನಿಜದೇಹದ ಪೂರ್ಣ ಚಿತ್ರವಲ್ಲ. ಲೋಮನಾಳಗಳು ಸಮಾನಾಂತರವಾಗಿಯೂ ಸಮದೂರದಲ್ಲಿಯೂ ಇರುವುದಿಲ್ಲ. ರಕ್ತಹೀನತೆಯಲ್ಲಿ ಹೃದಯವು ಹೆಚ್ಚು ರಕ್ತವನ್ನು ಹರಿಸುತ್ತದೆ. ಹಿಮೋಗ್ಲೋಬಿನ್ ಆಮ್ಲಜನಕವನ್ನು ಸುಲಭವಾಗಿ ಬಿಟ್ಟುಕೊಡುವಂತೆ ಬದಲಾಗುತ್ತದೆ. ವಿಶ್ರಾಂತಿಯಲ್ಲಿ ಕೊರತೆ ಮರೆಯಾಗಿರುವುದಕ್ಕೆ ಈ ಹೊಂದಾಣಿಕೆಗಳೇ ಕಾರಣ. ಹೆರಿಗೆಯ ರಕ್ತಸ್ರಾವದಂತಹ ಸಂದರ್ಭಗಳಲ್ಲಿ ಇವು ಸಾಲದೆ ಹೋಗಬಹುದು.

ಸಂತೃಪ್ತತೆಯು ಹಿಮೋಗ್ಲೋಬಿನ್ ಎಷ್ಟರಮಟ್ಟಿಗೆ ತುಂಬಿದೆ ಎಂಬುದನ್ನು ಹೇಳುತ್ತದೆಯೇ ಹೊರತು ಹಿಮೋಗ್ಲೋಬಿನ್ ಎಷ್ಟಿದೆ ಎಂಬುದನ್ನಲ್ಲ. ಆದುದರಿಂದ ಗರ್ಭಿಣಿಯರ ಮತ್ತು ದುಡಿಯುವ ಮಹಿಳೆಯರ ತಪಾಸಣೆಯಲ್ಲಿ ಹಿಮೋಗ್ಲೋಬಿನ್ ಪರೀಕ್ಷೆಯ ಸ್ಥಾನವನ್ನು ಆಕ್ಸಿಮೀಟರ್ ತುಂಬಲಾರದು.