ಹಳೆ ಬೈಕಿಗೆ ಹೊಸ ಸೈಲೆನ್ಸರಿಗಿಂತ ಬ್ರೇಕ್ ಮುಖ್ಯ
ಮುಂಬಯಿ: ತುಳು-ಕನ್ನಡಿಗರ ಮಕ್ಕಳು ಮೊದಲ ಸಂಬಳ ಕೂಡಿಟ್ಟು ಕೊಳ್ಳುವುದು ಹೆಚ್ಚಾಗಿ ಸೆಕೆಂಡ್ ಹ್ಯಾಂಡ್ ಬೈಕನ್ನೇ. 1994ರಲ್ಲಿ ಹೀರೋ ಹೋಂಡಾ ಹೊರತಂದ ಸ್ಪ್ಲೆಂಡರನ್ನೇ ನೋಡಿ, ಇಂಜಿನು ಬರೇ 97.2 ಸಿಸಿ. ಅದನ್ನು ಚುರುಕುಗೊಳಿಸಲೆಂದು ಹುಡುಗರು ಓಡುವುದು ಭಾರೀ ಸದ್ದಿನ ಸೈಲೆನ್ಸರ್, ಅಗಲ ಟಯರಿಗೆ. ಹಣ ಹೋದೀತೇ ಹೊರತು ವೇಗ ಬಾರದು. ಕಾರ್ಬ್ಯುರೇಟರ್ ಜೆಟ್ ಹೊಂದಿಸದೆ ಸೈಲೆನ್ಸರ್ ಬದಲಿಸಿದರೆ ಇಂಜಿನು ಅತಿಯಾಗಿ ಬಿಸಿಯಾಗುವ ಸಂಭವವುಂಟು. ಅಗಲ ಟಯರು ಎಳೆಯಲು ಸಣ್ಣ ಇಂಜಿನಿಗೆ ತ್ರಾಣ ಸಾಲದು.

ಕಳೆದುಹೋದ ಶಕ್ತಿ ಮರಳುವುದು ಅಗ್ಗದ ಕೆಲಸಗಳಿಂದ: ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಆಯಿಲ್ ಬದಲಾವಣೆ, ಟ್ಯಾಪೆಟ್ ಹೊಂದಾಣಿಕೆ, ಕಾರ್ಬ್ಯುರೇಟರ್ ಸ್ವಚ್ಛತೆ. ಸವೆದ ಚೈನನ್ನು ಸ್ಪ್ರಾಕೆಟ್ ಸಮೇತ ಬದಲಿಸಬೇಕು, ಇಲ್ಲವಾದರೆ ಹಳೆ ಹಲ್ಲು ಹೊಸ ಚೈನನ್ನೂ ತಿನ್ನುತ್ತದೆ. ಇವೆಲ್ಲಕ್ಕೂ ಮೊದಲು ಬ್ರೇಕ್ ಶೂ. ಮಳೆಗಾಲದಲ್ಲಿ ಡ್ರಮ್ಮಿಗೆ ನೀರು ಸೇರಿದರೆ ಹಿಡಿತ ತಪ್ಪುತ್ತದೆ. ಹೆತ್ತವರು ವಿಚಾರಿಸಬೇಕಾದದ್ದು ಬಣ್ಣವನ್ನಲ್ಲ, ಇದನ್ನು.

ಕಾನೂನಿನ ತೊಡಕೂ ಉಂಟು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮೂಲ ರೂಪ ಬದಲಿಸುವುದನ್ನು ನಿರ್ಬಂಧಿಸುತ್ತದೆ. 2019ರ ತಿದ್ದುಪಡಿಯ ಬಳಿಕ ಕರ್ಕಶ ಸೈಲೆನ್ಸರಿಗೆ 10,000 ರೂ. ತನಕ ದಂಡ ಬೀಳಬಹುದು. ಕೊಂಡ ಬೈಕನ್ನು ತನ್ನ ಹೆಸರಿಗೆ ಮಾಡಿಸಲು ಆರ್‌ಟಿಒಗೆ 30 ದಿನಗಳೊಳಗೆ ತಿಳಿಸಬೇಕು. ಹಣ ಕೊಡುವಾಗಲೇ 29 ಮತ್ತು 30ನೇ ನಮೂನೆಗಳಿಗೆ ಹಳೆ ಮಾಲಕರ ಸಹಿ ಪಡೆದಿರಬೇಕು.