ಮೆಕ್ಕೆಜೋಳದ ನಾಡಿನ ಹೊಸ ಒಕ್ಕಲು

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಭೂಪಟವನ್ನು ಬಿಡಿಸಿ ನೋಡಿದರೆ, ದೇಶದ ನಡುಭಾಗದಲ್ಲಿ, ಪೂರ್ವಕ್ಕೆ ಮಿಸಿಸಿಪಿ ಪಶ್ಚಿಮಕ್ಕೆ ಮಿಸೌರಿ ಎಂಬ ಎರಡು ಮಹಾನದಿಗಳ ನಡುವೆ, ಆಯೊವಾ ಎಂಬ ಸಂಸ್ಥಾನವು ಕಾಣುತ್ತದೆ. ಕಣ್ಣು ಹರಿಯುವವರೆಗೂ ಕಪ್ಪು ಮಣ್ಣಿನ ಬಯಲು, ಬಯಲಿನ ತುಂಬ ಮೆಕ್ಕೆಜೋಳ, ಆ ಜೋಳವನ್ನು ತಿಂದು ಕೊಬ್ಬುವ ಹಂದಿಗಳು, ಇವೇ ಆ ನಾಡಿನ ಸಂಪತ್ತು. ಅಲ್ಲಿ ಮನುಷ್ಯರಿಗಿಂತ ಹಂದಿಗಳ ಸಂಖ್ಯೆ ಏಳು ಪಟ್ಟು ಹೆಚ್ಚು. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿ, ನಾರ್ವೆ, ಸ್ವೀಡನ್, ಹಾಲೆಂಡ್ ಮುಂತಾದ ದೇಶಗಳಿಂದ ಬಂದ ಬೇಸಾಯಗಾರರು ಈ ಬಯಲನ್ನು ಉತ್ತು ಊರುಗಳನ್ನು ಕಟ್ಟಿದರು. ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಆ ಊರುಗಳು ಬರಿದಾಗತೊಡಗಿದವು.

1980ರಲ್ಲಿ ಆಯೊವಾದ ಜನಸಂಖ್ಯೆ 29,13,808; 1990ರಲ್ಲಿ 27,76,755. ಯುದ್ಧವಿಲ್ಲ, ಬರಗಾಲವಿಲ್ಲ, ಸಾಂಕ್ರಾಮಿಕ ರೋಗವಿಲ್ಲ. ಆದರೂ ಹತ್ತು ವರ್ಷಗಳಲ್ಲಿ ಒಂದು ಲಕ್ಷ ಮೂವತ್ತೇಳು ಸಾವಿರ ಜನ ಕಡಿಮೆಯಾದರು. ಧಾನ್ಯದ ಬೆಲೆ ಕುಸಿದು, ಸಾಲದ ಬಡ್ಡಿ ಏರಿ, ಹೊಲಗಳು ಹರಾಜಿಗೆ ಬಂದ ದಶಕವದು. ದುಡಿಯುವ ವಯಸ್ಸಿನವರು ಬೇರೆ ಸಂಸ್ಥಾನಗಳಿಗೆ ಹೊರಟುಹೋದರು. ಊರಿನಲ್ಲಿ ಉಳಿದವರು ಬಹುಮಟ್ಟಿಗೆ ವೃದ್ಧರು. ಆದರೆ ಎಲ್ಲ ಊರುಗಳ ಗತಿಯೂ ಒಂದೇ ಆಗಲಿಲ್ಲ. ಸ್ಟಾರ್ಮ್ ಲೇಕ್ ಎಂಬ ಪುಟ್ಟ ಪಟ್ಟಣದಲ್ಲಿ 1990ರಲ್ಲಿ 8,769 ಜನರಿದ್ದರು. 2020ರಲ್ಲಿ ಅವರ ಸಂಖ್ಯೆ 11,269ಕ್ಕೆ ಏರಿತು. ಡೆನಿಸನ್, ಮಾರ್ಷಲ್‌ಟೌನ್, ವೆಸ್ಟ್ ಲಿಬರ್ಟಿ ಮೊದಲಾದವು ಕೂಡ ಹೀಗೆಯೇ ಬೆಳೆದವು. ಈ ಊರುಗಳ ಬೀದಿಗಳಲ್ಲಿ ಈಗ ಇಂಗ್ಲಿಷಿನ ಜೊತೆಗೆ ಸ್ಪ್ಯಾನಿಷ್ ಭಾಷೆಯೂ ಕೇಳಿಬರುತ್ತದೆ. ಈ ಬದಲಾವಣೆಯ ಹಿಂದಿರುವ ಕಾರಣಗಳು ಯಾವುವು, ಅದನ್ನು ಅಳೆಯುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಮೊದಲು ಹೆಸರುಗಳನ್ನು ಸ್ಪಷ್ಟಪಡಿಸಿಕೊಳ್ಳೋಣ. ಸ್ಪ್ಯಾನಿಷ್ ಭಾಷೆಯ ಪರಂಪರೆಗೆ ಸೇರಿದವರು ಹಿಸ್ಪಾನಿಕರು. ಲ್ಯಾಟಿನ್ ಅಮೆರಿಕದ ಮೂಲದವರು ಲ್ಯಾಟಿನೋಗಳು. ಈ ಲೆಕ್ಕದಲ್ಲಿ ಸ್ಪೇನ್ ದೇಶದವನು ಹಿಸ್ಪಾನಿಕನೇ ಹೊರತು ಲ್ಯಾಟಿನೋ ಅಲ್ಲ. ಪೋರ್ಚುಗೀಸ್ ಮಾತನಾಡುವ ಬ್ರೆಜಿಲಿನವನು ಲ್ಯಾಟಿನೋ ಆಗಬಹುದೇ ಹೊರತು ಹಿಸ್ಪಾನಿಕನಲ್ಲ. ಗ್ವಾಟೆಮಾಲಾದ ಬೆಟ್ಟಗಾಡಿನಿಂದ ಬಂದ ಅನೇಕರಿಗೆ ಮಾಯಾ ಭಾಷೆಗಳಲ್ಲೊಂದು ಮನೆಮಾತು, ಸ್ಪ್ಯಾನಿಷ್ ಎರಡನೆಯ ಭಾಷೆ. ಜನಗಣತಿಯ ಪತ್ರದಲ್ಲಿ ಮಾತ್ರ ಇವೆಲ್ಲಕ್ಕೂ ಒಂದೇ ಪ್ರಶ್ನೆ.

ಆ ಪ್ರಶ್ನೆಯ ಚರಿತ್ರೆಯೂ ಸ್ವಾರಸ್ಯವಾಗಿದೆ. ಜನಗಣತಿ, ಅಂದರೆ ನಮ್ಮ ಹಿರಿಯರು ಹೇಳುತ್ತಿದ್ದ ಖಾನೇಷುಮಾರಿ, ಇದ್ದುದನ್ನು ಇದ್ದಂತೆ ಎಣಿಸುವ ನಿರಪೇಕ್ಷ ಕಾರ್ಯವೆಂದು ನಾವು ಭಾವಿಸುತ್ತೇವೆ. ಆದರೆ ಯಾವ ಪ್ರಶ್ನೆಯನ್ನು ಕೇಳಬೇಕೆಂದು ಮೊದಲೇ ನಿರ್ಧರಿಸದೆ ಯಾವುದನ್ನೂ ಎಣಿಸಲಾಗದು. 1930ರ ಅಮೆರಿಕದ ಜನಗಣತಿಯಲ್ಲಿ ಮೆಕ್ಸಿಕನ್ ಎಂಬುದನ್ನು ಒಂದು ಪ್ರತ್ಯೇಕ ಜನಾಂಗವೆಂದು ಬರೆದುಕೊಂಡರು. ಅದಕ್ಕೆ ಪ್ರತಿಭಟನೆ ಬಂದುದರಿಂದ 1940ರಲ್ಲಿ ಕೈಬಿಟ್ಟರು. 1970ರಲ್ಲಿ ಕೆಲವೇ ಮನೆಗಳಿಗೆ ಸ್ಪ್ಯಾನಿಷ್ ಮೂಲದ ಬಗೆಗೆ ಒಂದು ಪ್ರಶ್ನೆ ಹೋಯಿತು. ಅದರ ಉತ್ತರಗಳಲ್ಲಿ 'ಮಧ್ಯ ಅಥವಾ ದಕ್ಷಿಣ ಅಮೆರಿಕದವರು' ಎಂಬುದೂ ಒಂದು. ಸಂಯುಕ್ತ ಸಂಸ್ಥಾನಗಳ ಮಧ್ಯಭಾಗದಲ್ಲಿಯೂ ದಕ್ಷಿಣಭಾಗದಲ್ಲಿಯೂ ತಲೆತಲಾಂತರದಿಂದ ಇದ್ದ ಎಷ್ಟೋ ಮಂದಿ, ತಾವೇ ಮಧ್ಯದವರಲ್ಲವೆ, ತಾವೇ ದಕ್ಷಿಣದವರಲ್ಲವೆ ಎಂದುಕೊಂಡು ಅದಕ್ಕೆ ಗುರುತು ಹಾಕಿಬಿಟ್ಟರು! ಎಲ್ಲ ಮನೆಗಳಿಗೂ ಈ ಪ್ರಶ್ನೆ ಹೋದದ್ದು 1980ರಲ್ಲಿ. ಜನಾಂಗದ ಪ್ರಶ್ನೆಯನ್ನೂ ಇದನ್ನೂ ಒಂದುಗೂಡಿಸಬೇಕೆಂದು 2024ರ ಮಾರ್ಚಿಯಲ್ಲಿ ಸರ್ಕಾರವು ನಿರ್ಧರಿಸಿತು. ಹೀಗಿರುವುದರಿಂದ, ಬೇರೆ ಬೇರೆ ದಶಕಗಳ ಅಂಕಿಗಳನ್ನು ಹೋಲಿಸುವಾಗ ಪ್ರಶ್ನೆಯು ಒಂದೇ ಆಗಿತ್ತೆ ಎಂದು ವಾಚಕರು ನೋಡಿಕೊಳ್ಳಬೇಕು. 1990ರಿಂದ 2020ರವರೆಗಿನ ಅಂಕಿಗಳನ್ನು ಬಹುಮಟ್ಟಿಗೆ ಹೋಲಿಸಬಹುದು.

ಆಯೊವಾದಲ್ಲಿ 1990ರಲ್ಲಿ 32,647 ಹಿಸ್ಪಾನಿಕರಿದ್ದರು. 2000ದಲ್ಲಿ 82,473, 2010ರಲ್ಲಿ 1,51,544, 2020ರಲ್ಲಿ 2,15,986. ಮೊದಲನೆಯ ದಶಕದ ವೃದ್ಧಿ ನೂರಕ್ಕೆ 153ರಷ್ಟು, ಎರಡನೆಯ ದಶಕದಲ್ಲಿ 84ರಷ್ಟು, ಮೂರನೆಯದರಲ್ಲಿ 43ರಷ್ಟು. ಪ್ರತಿ ದಶಕದಲ್ಲಿಯೂ ಹೆಚ್ಚುಕಡಿಮೆ ಅರ್ಧಕ್ಕಿಳಿದಿರುವ ಈ ಅಂಕಿಗಳನ್ನಷ್ಟೇ ಓದಿದವನು ಪ್ರವಾಹವು ಬತ್ತುತ್ತಿದೆಯೆಂದು ಹೇಳಿಯಾನು. ಮೊದಲನೆಯ ಅಂಕಿಯೊಂದನ್ನೇ ಓದಿದವನು ನಾಡೇ ಮುಳುಗಿತೆಂದು ಕೂಗಿಯಾನು. ಇಬ್ಬರ ಮಾತೂ ಸರಿಯಲ್ಲ. ಹೊಸದಾಗಿ ಸೇರಿದ ತಲೆಗಳನ್ನು ಎಣಿಸಿ ನೋಡಿ: ಮೊದಲ ದಶಕದಲ್ಲಿ ಸುಮಾರು 50 ಸಾವಿರ, ಎರಡನೆಯದರಲ್ಲಿ 69 ಸಾವಿರ, ಮೂರನೆಯದರಲ್ಲಿ 64 ಸಾವಿರ. ಹತ್ತು ಮನೆಗಳ ಹಳ್ಳಿಗೆ ಹತ್ತು ಮನೆ ಸೇರಿದರೆ ವೃದ್ಧಿ ನೂರಕ್ಕೆ ನೂರು. ನೂರು ಮನೆಗಳ ಊರಿಗೆ ಅದೇ ಹತ್ತು ಮನೆ ಸೇರಿದರೆ ನೂರಕ್ಕೆ ಹತ್ತು. ಮೂಲಸಂಖ್ಯೆಯನ್ನು ಬಚ್ಚಿಟ್ಟು ಶೇಕಡಾ ಲೆಕ್ಕವನ್ನು ಮಾತ್ರ ಮುಂದಿಡುವುದು ಹೆದರಿಸುವವರಿಗೂ ಮೆಚ್ಚಿಸುವವರಿಗೂ ಸಮಾನವಾಗಿ ಒದಗುವ ಉಪಾಯ. ಮೂರು ದಶಕಗಳ ಬಳಿಕವೂ ಇಡೀ ಸಂಸ್ಥಾನದಲ್ಲಿ ಹಿಸ್ಪಾನಿಕರ ಪಾಲು ನೂರಕ್ಕೆ ಏಳನ್ನು ಮುಟ್ಟಿರಲಿಲ್ಲ.

ಆದರೆ ಸಂಸ್ಥಾನದ ಸರಾಸರಿಯಿಂದ ಊರಿನ ನಿಜ ತಿಳಿಯದು. ಮಾರ್ಷಲ್‌ಟೌನಿನಲ್ಲಿ 2000ದಲ್ಲಿ ಎಂಟು ಜನರಲ್ಲಿ ಒಬ್ಬರು ಹಿಸ್ಪಾನಿಕರು; 2010ರಲ್ಲಿ ನಾಲ್ವರಲ್ಲಿ ಒಬ್ಬರು. ಡೆನಿಸನ್ನಿನಲ್ಲಿ ಅದೇ ಹತ್ತು ವರ್ಷಗಳಲ್ಲಿ ನೂರಕ್ಕೆ 17ರಿಂದ 42ಕ್ಕೆ ಏರಿತು. 2010ರ ಗಣತಿಯಲ್ಲಿ ನೂರಕ್ಕೆ 52ರಷ್ಟು ಹಿಸ್ಪಾನಿಕರನ್ನು ಪಡೆದ ವೆಸ್ಟ್ ಲಿಬರ್ಟಿಯು, ಅವರು ಬಹುಸಂಖ್ಯಾತರಾದ ಆಯೊವಾದ ಮೊದಲ ಪಟ್ಟಣವಾಯಿತು. ಪಕ್ಕದ ಎಷ್ಟೋ ಊರುಗಳಲ್ಲಿ ಹೊಸಬರ ಸುಳಿವೇ ಇಲ್ಲ. ಈ ಊರುಗಳನ್ನೇ ಆರಿಸಿ ಬಂದದ್ದೇಕೆ? ಇದಕ್ಕೆ ಉತ್ತರ ಹಂದಿ ಮತ್ತು ದನದ ಮಾಂಸದ ಕಾರ್ಖಾನೆಗಳಲ್ಲಿದೆ.

ಹಿಂದೆ ಅಮೆರಿಕದ ಮಾಂಸೋದ್ಯಮವು ಷಿಕಾಗೋದಂಥ ಮಹಾನಗರಗಳಲ್ಲಿ ನೆಲೆಸಿತ್ತು. ಜಾನುವಾರುಗಳನ್ನು ರೈಲಿನಲ್ಲಿ ತುಂಬಿ ನಗರಕ್ಕೆ ತರುತ್ತಿದ್ದರು. ದಾರಿಯಲ್ಲಿ ಅವು ಸೊರಗುತ್ತಿದ್ದವು, ಕೆಲವು ಸಾಯುತ್ತಿದ್ದವು. ನಗರದ ನೆಲ ದುಬಾರಿ. ಅಲ್ಲಿನ ಕೆಲಸಗಾರರು ಬಲವಾದ ಸಂಘಗಳನ್ನು ಕಟ್ಟಿಕೊಂಡು ಒಳ್ಳೆಯ ಕೂಲಿಯನ್ನು ಪಡೆಯುತ್ತಿದ್ದರು. 1960ರಲ್ಲಿ ಡೆನಿಸನ್ನಿನಲ್ಲಿ ಸ್ಥಾಪಿತವಾದ ಆಯೊವಾ ಬೀಫ್ ಪ್ಯಾಕರ್ಸ್ ಎಂಬ ಕಂಪನಿ, ಮುಂದೆ ಐ.ಬಿ.ಪಿ. ಎಂದು ಹೆಸರಾದದ್ದು, ಈ ಕ್ರಮವನ್ನು ತಿರುಗಿಸಿತು. ಜಾನುವಾರು ಇರುವಲ್ಲಿಗೇ ಕಾರ್ಖಾನೆಯನ್ನು ಒಯ್ಯುವುದು, ಸಾಲಾಗಿ ನಿಂತ ಕೆಲಸಗಾರರಲ್ಲಿ ಒಬ್ಬೊಬ್ಬನೂ ದಿನವೆಲ್ಲ ಒಂದೇ ಕಡೆ ಒಂದೇ ಬಗೆಯಲ್ಲಿ ಕತ್ತರಿಸುವಂತೆ ಏರ್ಪಡಿಸುವುದು, ಆ ಬಳಿಕ ಮಾಂಸವನ್ನು ಪೆಟ್ಟಿಗೆಗಳಲ್ಲಿ ತುಂಬಿ ಶೀತಯಂತ್ರವುಳ್ಳ ಲಾರಿಗಳಲ್ಲಿ ಹೆದ್ದಾರಿಯ ಮೂಲಕ ದೇಶಕ್ಕೆಲ್ಲ ಕಳುಹಿಸುವುದು ಇದರ ಪದ್ಧತಿ. ಇಡೀ ದನವನ್ನು ಬಿಡಿಸಬಲ್ಲ ನುರಿತ ಕಟುಕನ ಅಗತ್ಯ ಇಲ್ಲಿಲ್ಲ. ಕೆಲವು ದಿನಗಳಲ್ಲಿ ಒಂದು ಕೊಯ್ತವನ್ನು ಕಲಿತವನೇ ಸಾಕು. ಷಿಕಾಗೋದ ಪ್ರಸಿದ್ಧ ದೊಡ್ಡಿಗಳು 1971ರಲ್ಲಿ ಮುಚ್ಚಿಹೋದವು. ಸ್ಟಾರ್ಮ್ ಲೇಕಿನಲ್ಲಿ ಹಳೆಯ ಮಾಂಸದ ಕಾರ್ಖಾನೆಯೊಂದು 1981ರಲ್ಲಿ ಬಾಗಿಲು ಹಾಕಿತು, ಮರುವರ್ಷ ಐ.ಬಿ.ಪಿ. ಅದನ್ನು ತೆರೆದಾಗ ಕೂಲಿ ಹಿಂದಿನದಕ್ಕಿಂತ ಬಹಳ ಕಡಿಮೆಯಾಗಿತ್ತು.

ಕೆಲಸವಾದರೋ ಕಠಿನ. ಕೊರೆಯುವ ಚಳಿಯ ಕೋಣೆ, ಹರಿತವಾದ ಚೂರಿ, ಓಡುತ್ತಲೇ ಇರುವ ಸರಪಣಿ. ಒಂದೇ ಚಲನೆಯನ್ನು ದಿನಕ್ಕೆ ಸಾವಿರಾರು ಸಲ ಮಾಡಿದ ಕೈಯ ನರಗಳು ಮರಗಟ್ಟುತ್ತವೆ. ಒಂದು ಕಾರ್ಖಾನೆಯಲ್ಲಿ ಎಷ್ಟು ಕೆಲಸಗಾರರಿರುವರೋ ಅಷ್ಟೇ ಮಂದಿ ಒಂದು ವರ್ಷದಲ್ಲಿ ಬಿಟ್ಟುಹೋಗುವುದು ಅಪರೂಪವಾಗಿರಲಿಲ್ಲ. ಎಂಟು ಹತ್ತು ಸಾವಿರ ಜನರ ಊರು ಇಂಥ ಬಾಯಿಗೆ ಎಷ್ಟು ಕಾಲ ಆಳುಗಳನ್ನು ಒದಗಿಸೀತು? ಮೊದಲು ಲಾವೋಸ್ ದೇಶದಿಂದ ಬಂದ ನಿರಾಶ್ರಿತರು ಕೆಲಸಕ್ಕೆ ಸೇರಿದರು. ಬಳಿಕ ಕಂಪನಿಗಳು ಟೆಕ್ಸಾಸ್, ಕ್ಯಾಲಿಫೋರ್ನಿಯಾಗಳ ಕಡೆಗೆ ಆಳುಗಳನ್ನು ಹುಡುಕಿ ಹೊರಟವು. 1986ರ ವಲಸೆಯ ಶಾಸನವು ಅನುಮತಿಯಿಲ್ಲದೆ ನೆಲಸಿದ್ದ ಸುಮಾರು 27 ಲಕ್ಷ ಜನರಿಗೆ ಹಕ್ಕಿನ ಪತ್ರಗಳನ್ನು ಕೊಟ್ಟಿತ್ತು; ಗಡಿಯ ಹೊಲಗಳಲ್ಲಿ ಅಡಗಿ ದುಡಿಯುತ್ತಿದ್ದವರು ಈಗ ದೇಶದ ಯಾವ ಮೂಲೆಗಾದರೂ ಹೋಗಬಹುದಾಗಿತ್ತು. ಅಂಥವರಿಗೆ ವರ್ಷವಿಡೀ ಕೆಲಸ ಸಿಗುವ, ಮನೆಬಾಡಿಗೆ ಕಡಿಮೆಯಿರುವ, ಮಕ್ಕಳಿಗೆ ಶಾಲೆಯಿರುವ ಊರು ಆಕರ್ಷಕವಾಗಿ ಕಂಡುದರಲ್ಲಿ ಆಶ್ಚರ್ಯವಿಲ್ಲ.

ಒಬ್ಬನು ನೆಲೆನಿಂತ ಮೇಲೆ ತಮ್ಮನನ್ನು ಕರೆಸುತ್ತಾನೆ; ತಮ್ಮನು ಭಾವಮೈದುನನನ್ನು, ಅವನು ನೆರೆಮನೆಯವನನ್ನು. ಇದನ್ನು ಸಮಾಜಶಾಸ್ತ್ರಜ್ಞರು ಸರಪಣಿ ವಲಸೆ ಎನ್ನುತ್ತಾರೆ. ಮೆಕ್ಸಿಕೋದ ಮಿಚೊಅಕಾನ್ ಪ್ರಾಂತ್ಯದ ವಿಯಾಚುಅಟೊ ಎಂಬ ಒಂದೇ ಹಳ್ಳಿಯಿಂದ ಮಾರ್ಷಲ್‌ಟೌನಿಗೆ ಬಂದವರು ಎಷ್ಟು ಮಂದಿಯೆಂದರೆ, ಈ ಎರಡು ಊರುಗಳ ಸಂಬಂಧವೇ ವಿದ್ವಾಂಸರ ಅಧ್ಯಯನದ ವಸ್ತುವಾಯಿತು. ಭೂಪಟದ ಮೇಲೆ ವಲಸೆಯನ್ನು ದೇಶದಿಂದ ದೇಶಕ್ಕೆ ಎಳೆದ ದಪ್ಪ ಬಾಣದಂತೆ ತೋರಿಸುವುದುಂಟು. ನಿಜದಲ್ಲಿ ಅದು ಹಳ್ಳಿಯಿಂದ ಹಳ್ಳಿಗೆ ಕಟ್ಟಿದ ಸಣ್ಣ ದಾರಗಳ ಕಂತೆ. ಮೆಕ್ಕೆಜೋಳವನ್ನೇ ಮೊದಲು ಸುಮಾರು ಒಂಬತ್ತು ಸಾವಿರ ವರ್ಷಗಳ ಹಿಂದೆ ಮೆಕ್ಸಿಕೋದ ಜನ ಒಗ್ಗಿಸಿದರೆಂಬುದನ್ನು ಇಲ್ಲಿ ನೆನೆಯಬಹುದು. ಬೆಳೆಯು ಮೊದಲು ಉತ್ತರಕ್ಕೆ ಬಂದಿತು, ಒಕ್ಕಲು ಅನಂತರ.

ಬರುಬರುತ್ತ ವೃದ್ಧಿಯ ಮೂಲವೇ ಬದಲಾಯಿತು. ಜನಸಂಖ್ಯೆ ಬೆಳೆಯಲು ಎರಡೇ ದಾರಿ: ಹೊರಗಿನಿಂದ ಜನ ಬರಬೇಕು, ಇಲ್ಲವೆ ಸಾವಿಗಿಂತ ಹುಟ್ಟು ಹೆಚ್ಚಬೇಕು. ಎರಡನೆಯದಕ್ಕೆ ಸ್ವಾಭಾವಿಕ ವೃದ್ಧಿಯೆಂದು ಹೆಸರು. 2010ರಿಂದ 2020ರವರೆಗೆ ಸಂಯುಕ್ತ ಸಂಸ್ಥಾನಗಳಲ್ಲಿ ಹಿಸ್ಪಾನಿಕರ ವೃದ್ಧಿಯ ಬಹುಪಾಲು ಹುಟ್ಟಿನಿಂದಲೇ ಆದದ್ದು. ಅವರ ಕುಟುಂಬಗಳು ಮಿತಿಯಿಲ್ಲದೆ ದೊಡ್ಡವೆಂದು ಕೆಲವರು ತಿಳಿಯುತ್ತಾರೆ. ಅದು ಕಾರಣವಲ್ಲ, ಅವರಲ್ಲಿಯೂ ಮಕ್ಕಳ ಸಂಖ್ಯೆ ಇಳಿದಿದೆ. ಕಾರಣವು ವಯಸ್ಸಿನಲ್ಲಿದೆ. 2019ರಲ್ಲಿ ಹಿಸ್ಪಾನಿಕರ ಮಧ್ಯವಯೋಮಾನ, ಅಂದರೆ ಅರ್ಧದಷ್ಟು ಜನ ಯಾವ ವಯಸ್ಸಿಗಿಂತ ಕಿರಿಯರೋ ಅದು, ಸುಮಾರು 30. ಬಿಳಿಯರದು ಸುಮಾರು 44. ತರುಣ ದಂಪತಿಗಳೇ ತುಂಬಿರುವ ಬೀದಿಯಲ್ಲಿ ಮನೆಗೆ ಎರಡೇ ಮಕ್ಕಳಾದರೂ ತೊಟ್ಟಿಲುಗಳು ಹೆಚ್ಚು, ಶವಯಾತ್ರೆಗಳು ಕಡಿಮೆ. ವೃದ್ಧರ ಬೀದಿಯಲ್ಲಿ ಇದಕ್ಕೆ ವಿರುದ್ಧ. ಈ ಮಕ್ಕಳು ಹುಟ್ಟಿನಿಂದಲೇ ಅಮೆರಿಕದ ಪ್ರಜೆಗಳಾಗಿ ಬೆಳೆದವರು. 2010ರಿಂದ 2020ರವರೆಗೆ ಆಯೊವಾದಲ್ಲಿ ಹೆಚ್ಚಿದ 1,44,014 ಜನರಲ್ಲಿ 64,442 ಮಂದಿ, ಅಂದರೆ ನೂರಕ್ಕೆ 45ರಷ್ಟು, ಹಿಸ್ಪಾನಿಕರು. ಅದೇ ದಶಕದಲ್ಲಿ ಸಂಸ್ಥಾನದ 99 ಕೌಂಟಿಗಳ ಪೈಕಿ 68ರಲ್ಲಿ ಜನಸಂಖ್ಯೆ ಕುಗ್ಗಿತು.

ಊರು ಉಳಿಯಿತು, ಆದರೆ ಉಳಿಸಿದವರ ಬಾಳು ನಿಶ್ಚಿಂತವಾಗಲಿಲ್ಲ. ಕಾರ್ಖಾನೆಗಳು ಕೆಲಸಕ್ಕೆ ತೆಗೆದುಕೊಂಡವರಲ್ಲಿ ಅನುಮತಿಯಿಲ್ಲದೆ ಬಂದವರೂ ಅನೇಕರಿದ್ದರು. 2006ರ ಡಿಸೆಂಬರ್ 12ರಂದು ವಲಸೆಯ ಅಧಿಕಾರಿಗಳು ಸ್ವಿಫ್ಟ್ ಕಂಪನಿಯ ಆರು ಕಾರ್ಖಾನೆಗಳಲ್ಲಿ ಏಕಕಾಲಕ್ಕೆ ಶೋಧನೆ ನಡೆಸಿ ಸುಮಾರು 1,300 ಜನರನ್ನು ಹಿಡಿದರು. ಮಾರ್ಷಲ್‌ಟೌನಿನ ಕಾರ್ಖಾನೆ ಅವುಗಳಲ್ಲೊಂದು. 2008ರ ಮೇ 12ರಂದು ಪೋಸ್ಟ್‌ವಿಲ್ ಎಂಬ ಊರಿನಲ್ಲಿ 389 ಜನ ಸೆರೆಯಾದರು. ಅವರಲ್ಲಿ ಬಹುಮಂದಿ ಗ್ವಾಟೆಮಾಲಾದವರು. ವಿಚಾರಣೆಗಾಗಿ ಅವರನ್ನು ಇರಿಸಿದ್ದು ವಾಟರ್ಲೂ ನಗರದ ಜಾನುವಾರು ಪ್ರದರ್ಶನದ ಮೈದಾನದಲ್ಲಿ. ಎರಡು ಸಾವಿರ ಚಿಲ್ಲರೆ ಜನರಿದ್ದ ಊರಿನಿಂದ ಒಂದೇ ದಿನ ಅಷ್ಟು ಮಂದಿ ಮಾಯವಾದರೆ ಅಂಗಡಿ, ಶಾಲೆ, ಬಾಡಿಗೆಮನೆಗಳ ಗತಿಯೇನು? ಅದೇ ವರ್ಷ ನವೆಂಬರಿನಲ್ಲಿ ಕಾರ್ಖಾನೆಯ ಕಂಪನಿ ದಿವಾಳಿಯೆದ್ದಿತು. ಜನಗಣತಿಯ ಎರಡು ಅಂಕಿಗಳ ನಡುವೆ ಹೀಗೆ ಮುಳುಗಿ ಮೇಲೆದ್ದುದು ಯಾವ ಕೋಷ್ಟಕದಲ್ಲಿಯೂ ಕಾಣುವುದಿಲ್ಲ: ಪೋಸ್ಟ್‌ವಿಲ್ಲಿನ ಜನಸಂಖ್ಯೆ 2000ದಲ್ಲಿ 2,273, 2010ರಲ್ಲಿ 2,227.

ಅಧಿಕಾರಿಗಳ ಭಯವಿದ್ದಲ್ಲಿ ಗಣತಿದಾರನಿಗೂ ಬಾಗಿಲು ತೆರೆಯುವುದು ಕಷ್ಟ. 2020ರ ಗಣತಿಯನ್ನು ಬಳಿಕ ಪರಿಶೀಲಿಸಿದಾಗ, ದೇಶದಲ್ಲಿ ಹಿಸ್ಪಾನಿಕರ ಪೈಕಿ ನೂರಕ್ಕೆ ಸುಮಾರು ಐವರಷ್ಟು ಎಣಿಕೆಗೆ ಸಿಕ್ಕಿಲ್ಲವೆಂದು ಗಣತಿಯ ಇಲಾಖೆಯೇ ತಿಳಿಸಿತು. ಶಾಸನಸಭೆಯ ಸ್ಥಾನಗಳೂ ಸರ್ಕಾರದ ಹಣವೂ ಈ ಎಣಿಕೆಯನ್ನೇ ಅನುಸರಿಸುವುದರಿಂದ, ಸಿಕ್ಕದೆ ಹೋದ ತಲೆಯ ನಷ್ಟವನ್ನು ಇಡೀ ಊರು ಹೊರುತ್ತದೆ.

ಭಾಷೆಯ ವಿಷಯದಲ್ಲಿ ಆಯೊವಾ ಎರಡು ಮನಸ್ಸಿನಲ್ಲಿತ್ತು. 2002ರಲ್ಲಿ ಸಂಸ್ಥಾನವು ಇಂಗ್ಲಿಷನ್ನು ಅಧಿಕೃತ ಭಾಷೆಯೆಂದು ಶಾಸನ ಮಾಡಿತು. ಅದಕ್ಕೆ ಮೊದಲೇ, 1990ರ ದಶಕದ ಕೊನೆಯಲ್ಲಿ, ವೆಸ್ಟ್ ಲಿಬರ್ಟಿಯ ಶಾಲೆಗಳು ಎರಡು ಭಾಷೆಗಳಲ್ಲಿಯೂ ಪಾಠ ಹೇಳುವ ಕ್ರಮವನ್ನು ಆರಂಭಿಸಿದ್ದವು. ಇಂಗ್ಲಿಷ್ ಮನೆಮಾತಿನ ಮಕ್ಕಳೂ ಅಲ್ಲಿ ಸ್ಪ್ಯಾನಿಷಿನಲ್ಲಿ ಓದುತ್ತಾರೆ. 2021ರಲ್ಲಿ ಆ ಊರು ಲ್ಯಾಟಿನೋಗಳೇ ಬಹುಸಂಖ್ಯಾತರಾದ ಪುರಸಭೆಯನ್ನು ಆರಿಸಿತು. ಆಯೊವಾದಲ್ಲಿ ಅಂಥದು ಅದೇ ಮೊದಲು.

ಒಂದೇ ಕಾರ್ಖಾನೆಯನ್ನು ನಂಬಿದ ಊರಿನ ಅಪಾಯವೂ ಕಡಿಮೆಯಲ್ಲ. ಎಂಟು ಸಾವಿರಕ್ಕೆ ಸಮೀಪದ ಜನರಿರುವ ಪೆರಿ ಪಟ್ಟಣದಲ್ಲಿ, 2001ರಲ್ಲಿ ಐ.ಬಿ.ಪಿ.ಯನ್ನು ಕೊಂಡ ಟೈಸನ್ ಕಂಪನಿಯು 2024ರಲ್ಲಿ ಹಂದಿಮಾಂಸದ ಕಾರ್ಖಾನೆಯನ್ನು ಮುಚ್ಚಿತು. ಸುಮಾರು 1,300 ಮಂದಿ ಕೆಲಸ ಕಳೆದುಕೊಂಡರು. 2025ರ ಫೆಬ್ರುವರಿಯಲ್ಲಿ ಜೆ.ಬಿ.ಎಸ್. ಎಂಬ ಇನ್ನೊಂದು ಕಂಪನಿಯು ಅದೇ ಊರಿನಲ್ಲಿ ಹೊಸ ಕಾರ್ಖಾನೆಯನ್ನು ಕಟ್ಟುವುದಾಗಿ ಪ್ರಕಟಿಸಿತು. ಅದರಲ್ಲಿ 500 ಜನರಿಗೆ ಕೆಲಸವೆಂದು ಹೇಳಿದೆ. ಉಳಿದ ಎಂಟುನೂರು ಕುಟುಂಬಗಳು ಪೆರಿಯಲ್ಲಿಯೇ ನಿಂತವೋ, ದಾರದ ಇನ್ನೊಂದು ತುದಿಯನ್ನು ಹಿಡಿದು ಬೇರೆ ಊರಿಗೆ ಹೋದವೋ ಎಂಬುದು 2030ರ ಏಪ್ರಿಲ್ ಒಂದರ ಗಣತಿಯಲ್ಲಿ ಲೆಕ್ಕಕ್ಕೆ ಬರಲಿದೆ.